ಊರ ಕಡೆ ಮುಖ ಮಾಡಿದ ಆನೆ

ಬಹಳ ಹಿಂದೆ ಮೂಡಲಗಡ ಎಂಬ ಒಂದು ಊರಿತ್ತು. ಊರು ಈಗಲೂ ಇದೆ. ಈ ಮಾತು ನಡೆದಾಗಿನ ಊರು ಈಗಿಲ್ಲ. ಎಷ್ಟು ಹಿಂದೆ ಎಂದು ಕೇಳಿದರೆ ಅಲ್ಲಿಯ ಹಿರಿಯರು ಕೋಟೆಯ ಗೋಡೆಗೆ ಕೈ ಮಾಡಿ, ಆ ಕಲ್ಲುಗಳ ಸಂದಿನಲ್ಲಿ ಅರಳಿ ಸಸಿ ಹುಟ್ಟುವುದಕ್ಕೂ ಮುಂಚೆ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ಲೆಕ್ಕ ಯಾರ ಹತ್ತಿರವೂ ಇಲ್ಲ.

ಆ ಊರಿಗೆ ದೂರದಿಂದ ಜನ ಬರುತ್ತಿದ್ದರಂತೆ. ಕೋಟೆಯ ಬುರುಜು ನೋಡಲು, ಅದರ ಮೇಲಿನ ಫಿರಂಗಿ ನೋಡಲು, ಎಪ್ಪತ್ತೆರಡು ಮೆಟ್ಟಿಲಿನ ಅಕ್ಕನ ಬಾವಿ ನೋಡಲು. ಆದರೆ ಮನೆಗೆ ಹಿಂತಿರುಗಿದ ಮೇಲೆ ನೋಡಿದ್ದನ್ನು ಮರೆತು, ತಿಂದದ್ದನ್ನು ಹೇಳಿಕೊಳ್ಳುತ್ತಿದ್ದರಂತೆ. ನಗಾರಿ ಕಟ್ಟೆಯ ಕೆಳಗೆ ತುಂಗವ್ವ ಎಂಬ ಮುದುಕಿ ಬೆಳಿಗ್ಗೆ ಜಿಲೇಬಿ ಕರಿಯುತ್ತಿದ್ದಳು. ನಗಾರಿ ಬಾರಿಸುವವನು ಬಿಸಿ ಆರೀತೆಂದು ಎರಡು ಪೆಟ್ಟು ಕಡಿಮೆ ಬಾರಿಸಿ ಕೆಳಗಿಳಿದು ಬರುತ್ತಿದ್ದನಂತೆ. ಅಕ್ಕನ ಬಾವಿಯ ಮಗ್ಗುಲಿಗೆ ಹುಸೇನಸಾಬನ ಫೇಣಿ ಅಂಗಡಿ. ಅವನ ಫೇಣಿಯ ಎಳೆ ಎಷ್ಟು ನವಿರು ಎಂದರೆ ಆ ಅಂಗಡಿಯ ಮುಂದೆ ಯಾರೂ ಸೀನುವಂತಿರಲಿಲ್ಲವಂತೆ. ಅಲ್ಲಿಂದ ಮೂಡಣಕ್ಕೆ ನಡೆದರೆ ಸಕ್ಕರೆ ಓಣಿ. ಓಣಿಯ ಕೊನೆಗೆ ಆನೆ ಬಾಗಿಲು. ಬಾಗಿಲಿಗೆ ಹತ್ತಿದ ಕೊನೆಯ ಮನೆ ಅಡಿವೆಪ್ಪನದು.

ಅಡಿವೆಪ್ಪ ಮಾಡುತ್ತಿದ್ದದ್ದು ಸಕ್ಕರೆ ಗೊಂಬೆ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಆನೆ, ಕುದುರೆ, ನವಿಲು, ತುಳಸಿ ಕಟ್ಟೆ ಇಟ್ಟುಕೊಂಡು, ನಡುವೆ ದೀಪ ಹಚ್ಚಿ, ಗೌರಿಗೆ ಬೆಳಗಲು ಹೋಗುತ್ತಾರಲ್ಲ, ಆ ಗೊಂಬೆಗಳು. ಸಕ್ಕರೆ ಓಣಿಯಲ್ಲಿ ಗೊಂಬೆ ಮಾಡುವ ಮನೆಗಳು ಹತ್ತಾರಿದ್ದವು. ಆದರೆ ಅಡಿವೆಪ್ಪನ ಗೊಂಬೆ ಬೇರೆ ಎನ್ನುತ್ತಾರೆ. ಪಾಕಕ್ಕೆ ಅವನು ಹಾಲು ಚಿಮುಕಿಸಿದರೆ ಸಕ್ಕರೆಯೊಳಗಿನ ಕೊಳೆಯೆಲ್ಲ ತಾನೇ ಎದ್ದು ಮೇಲೆ ಬರುತ್ತಿತ್ತಂತೆ. ಅಚ್ಚಿಗೆ ಹೊಯ್ದ ಮೇಲೆ ಬೇರೆಯವರು ಬೆರಳು ಎಣಿಸಿ ಬಿಚ್ಚುತ್ತಿದ್ದರು. ಅವನು ಅಚ್ಚನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಕೆನ್ನೆ ಒಪ್ಪಿದರೆ ಅಚ್ಚಿಗೆ ಕಟ್ಟಿದ ದಾರ ಬಿಚ್ಚುತ್ತಿದ್ದ, ಇಲ್ಲವಾದರೆ ಇಲ್ಲ. ಅವನ ಕುದುರೆ ಕಾಲು ಮುರಿದು ಹೊರಬಂದದ್ದನ್ನು ಯಾರೂ ಕಾಣಲಿಲ್ಲ. ಇರುವೆಗಳು ಸಹ ಅವನ ಆನೆಯ ಸುತ್ತ ಮೂರು ಸುತ್ತು ಹಾಕಿ, ಬಾಯಿ ಹಾಕದೆ ಹೋಗುತ್ತಿದ್ದವಂತೆ. ಇದನ್ನು ನಂಬದವರೂ ಇದ್ದಾರೆ. ಹೇಳುವವರು ಹೇಳುತ್ತಲೇ ಇದ್ದಾರೆ.

ಮೂಡಲಗಡದಲ್ಲಿ ಇನ್ನೊಂದು ಪದ್ಧತಿಯಿತ್ತು. ಮದುವೆಯಾಗಿ ಹೋದ ಮಗಳನ್ನು ಆ ಹುಣ್ಣಿಮೆಗೆ ತವರಿಗೆ ಕರೆತರಬೇಕು. ಹೇಳಿಕಳಿಸಿದರೆ ಸಾಲದು. ತಂದೆಯೋ, ಅಣ್ಣನೋ, ತಮ್ಮನೋ ಒಬ್ಬರು ಅವಳ ಹೊಸ್ತಿಲ ತನಕ ಹೋಗಬೇಕು. ಅವಳ ಗಂಟನ್ನು ತಮ್ಮ ತಲೆಯ ಮೇಲೆ ಹೊತ್ತು ಮುಂದೆ ನಡೆಯಬೇಕು. ಅವಳು ಕೈ ಬೀಸಿಕೊಂಡು ಹಿಂದೆ ಬರಬೇಕು. ವರ್ಷವೆಲ್ಲ ಹೊರುವವಳು ಆ ಒಂದು ದಾರಿಯಲ್ಲಿ ಹೊರಬಾರದು, ಅಷ್ಟೇ ಅದರ ಅರ್ಥ.

ಆನೆ ಬಾಗಿಲು ನದಿಯ ದಾರಿಗೆ ತೆರೆಯುವ ಬಾಗಿಲು. ಅದರ ಒಳಗೋಡೆಯಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಆನೆಯೊಂದು ಕಲ್ಲಿನಿಂದ ಉಬ್ಬಿ ನಿಂತಿತ್ತು. ಮುಖ ಊರಾಚೆಗೆ, ದಾರಿಯ ಕಡೆಗೆ. ಕೊಟ್ಟ ಹೆಣ್ಣುಮಕ್ಕಳ ದಾರಿ ನೋಡುತ್ತ ನಿಂತಿದೆ ಎನ್ನುತ್ತಿದ್ದರು. ಗಂಡನ ಮನೆಯಿಂದ ಬರುವವಳಿಗೆ ಮೊದಲು ಕಾಣುವುದು ಆ ಆನೆಯ ಹಣೆ. ಹಣೆ ಕಂಡ ಮೇಲೆ ದಾರಿಯ ದಣಿವು ಇಳಿಯಿತು ಎಂದೇ ಲೆಕ್ಕ.

ಆ ಗೋಡೆಯ ಆನೆಯನ್ನೇ ಅಡಿವೆಪ್ಪನ ಅಜ್ಜ ಅಚ್ಚಿನಲ್ಲಿ ಕೊರೆದಿದ್ದ. ಬಾಗಿಲೆದುರು ಒಂದು ಮಳೆಗಾಲ, ಒಂದು ಚಳಿಗಾಲ ಕೂತು ಕೊರೆದನಂತೆ. ಬೇರೆ ಗೊಂಬೆಗಳಿಗೆ ಎರಡು ಹೋಳಿನ ಅಚ್ಚು. ಗೋಡೆಯ ಆನೆಗೆ ಒಂದೇ ಮಗ್ಗುಲು, ಆದ್ದರಿಂದ ಇದಕ್ಕೆ ಕೊರೆದ ಸಾಗವಾನಿ ಹಲಗೆ ಒಂದು, ಮೇಲೆ ಮುಚ್ಚಲು ಸಪಾಟು ಹಲಗೆ ಒಂದು. ಕಾಲಿನ ಉಗುರು, ಕೊರಳ ಗಂಟೆ, ಕಿವಿಯ ಹಿಂದಿನ ಸುಕ್ಕು, ಯಾವುದನ್ನೂ ಅಜ್ಜ ಬಿಟ್ಟಿರಲಿಲ್ಲ. ಊರಿನ ಯಾವ ಮಗಳ ಆರತಿಯೂ ಆ ಬಾಗಿಲ ಆನೆಯಿಲ್ಲದೆ ಪೂರಾ ಆಗುತ್ತಿರಲಿಲ್ಲ.

ಇಂಥ ಅಡಿವೆಪ್ಪನಿಗೆ ಒಬ್ಬಳೇ ಮಗಳು, ನೀಲವ್ವ. ಅವಳನ್ನು ನದಿಯಾಚೆ ಸಣ್ಣಮರಡಿ ಎಂಬ ಹಳ್ಳಿಗೆ ಕೊಟ್ಟಿದ್ದ. ಮಗಳ ಮದುವೆಯಾದ ವರ್ಷವೇ ಅವನ ಹೆಂಡತಿ ತೀರಿಕೊಂಡಳು. ಗಂಡುಮಕ್ಕಳಿಲ್ಲ. ಮಗಳನ್ನು ಕರೆತರಲು ಹೋಗಬೇಕಾದವನು ಅವನೊಬ್ಬನೇ.

ಆದರೆ ಹುಣ್ಣಿಮೆಯ ಹಿಂದಿನ ಹತ್ತು ದಿನ ಅಡಿವೆಪ್ಪನ ಒಲೆ ಆರುವಂತಿರಲಿಲ್ಲ. ಊರಿನವರೆಲ್ಲ ಅವನ ಗೊಂಬೆಯೇ ಬೇಕೆನ್ನುವವರು. ಹೋಗಲು ಎರಡು ದಿನ, ಬರಲು ಎರಡು ದಿನ. ಅಷ್ಟು ದಿನ ಒಲೆ ಬಿಟ್ಟರೆ ಎಷ್ಟು ಹೆಣ್ಣುಮಕ್ಕಳ ತಟ್ಟೆ ಬರಿದಾಗುತ್ತದೆ? ಮೊದಲ ವರ್ಷ ಅವನು ಒಂದು ಪೆಟ್ಟಿಗೆ ತುಂಬ ಗೊಂಬೆ ತುಂಬಿ ಗಾಡಿಯವನ ಕೈಯಲ್ಲಿ ಕಳಿಸಿದ. ಕರೆಯಲು ಯಾರು ಬರುತ್ತೀರಿ ಎಂದು ಮಗಳು ಕೇಳಿಕಳಿಸಿದಳು. ಬರುವ ವರ್ಷ ನಾನೇ ಬರುತ್ತೇನೆ ಎಂದ. ಬರುವ ವರ್ಷವೂ ಪೆಟ್ಟಿಗೆಯೇ ಹೋಯಿತು. ಮೂರನೆಯ ವರ್ಷ ಅವನು ಬಾಗಿಲ ಆನೆಯೊಂದನ್ನೇ ಕಳಿಸಿದ, ಹಿಂದೆಂದೂ ಮಾಡದಂಥದ್ದು, ಚಂದ್ರನಿಗಿಂತ ಬಿಳಿ. ಗಾಡಿಯವನು ಅದನ್ನು ಹತ್ತಿಯಲ್ಲಿ ಸುತ್ತಿದ್ದ ಹಾಗೆಯೇ ತಿರುಗಿ ತಂದುಕೊಟ್ಟ.

“ಏನಂದಳೋ?” ಎಂದ ಅಡಿವೆಪ್ಪ.

ಗಾಡಿಯವನು ನೆಲ ನೋಡುತ್ತ ಹೇಳಿದ: “‘ಊರ ಮಂದಿ ಮಕ್ಕಳಿಗೆಲ್ಲಾ ಮಾಡಿದ್ರಾಗ ನನಗೂ ಒಂದು ಬಂದೈತಿ. ಅದು ನನಗ ಬ್ಯಾಡ’ ಅಂದಳ್ರೀ.”

ಅಡಿವೆಪ್ಪ ಆ ಆನೆಯನ್ನು ಜೋಳದ ಗಡಿಗೆಯೊಳಗೆ ಹೂತಿಟ್ಟ. ಯಾರಿಗೂ ಹೇಳಲಿಲ್ಲ. ಮಗಳು ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ, ಬಾಣಂತಿ ಇದ್ದಾಳೆ, ಹೊಳೆ ತುಂಬಿದೆ, ಎತ್ತಿಗೆ ಕಾಲು ಬೇನೆ ಎಂದು ಒಂದೊಂದು ವರ್ಷ ಒಂದೊಂದು ಹೇಳಿದ. ಸಂಜೆ ಒಲೆಯ ಮುಂದಿನಿಂದ ಎದ್ದು ಆನೆ ಬಾಗಿಲಿಗೆ ಹೋಗಿ, ಆನೆಯ ಮಗ್ಗುಲಲ್ಲಿ ನಿಂತು, ಅದು ನೋಡುವ ದಾರಿಯನ್ನು ತಾನೂ ನೋಡುತ್ತಿದ್ದ. ಆನೆ ದಾರಿ ನೋಡುವ ತನಕ ಮಗಳು ಬಂದೇ ಬರುತ್ತಾಳೆ ಎಂದು ಅವನ ನಂಬಿಕೆ.

ಹೀಗಿರುವಾಗ ಒಂದು ಶ್ರಾವಣದಲ್ಲಿ ಹಿಡಿದ ಮಳೆ ಬಿಡಲಿಲ್ಲ. ನೆನೆದು ನೆನೆದು ಒಂದು ಮಧ್ಯಾಹ್ನ ಆನೆ ಬಾಗಿಲು ಕುಸಿಯಿತು. ಆಗ ಮೇಯಲು ಹೋದ ದನ ಒಳಗೆ ಬರುತ್ತಿದ್ದವು. ಕೊನೆಯ ಕರು ದಾಟುವ ತನಕ ಗೋಡೆ ತಡೆದು ನಿಂತಿತ್ತಂತೆ. ಕರು ದಾಟಿತು, ಗೋಡೆ ಕೂತಿತು. ಯಾರಿಗೂ ಒಂದು ಗೀರು ಸಹ ಆಗಲಿಲ್ಲ. ಆನೆ ಮಾತ್ರ ನೂರು ಚೂರಾಯಿತು.

ಗಡದ ದೇಸಾಯರು ಪರವೂರಿನಿಂದ ಮೌನೇಶಿ ಎಂಬ ಕಲ್ಲುಕುಟಿಗನನ್ನು ಕರೆಸಿದರು. ಗೌರಿ ಹುಣ್ಣಿಮೆಯೊಳಗೆ ಬಾಗಿಲು ನಿಲ್ಲಬೇಕು, ಆನೆ ಇದ್ದ ಹಾಗೆಯೇ ಇರಬೇಕು ಎಂದರು. ಮೌನೇಶಿ ಊರವರನ್ನು ಕೂಡಿಸಿ ಆನೆ ಹೇಗಿತ್ತು ಎಂದು ಕೇಳಿದ. ಸೊಂಡಿಲು ಎತ್ತಿತ್ತು ಎಂದರು ಅರ್ಧ ಮಂದಿ. ಇಳಿದಿತ್ತು ಎಂದರು ಇನ್ನರ್ಧ. ಕೊರಳಲ್ಲಿ ಗಂಟೆ ಒಂದೋ ಎರಡೋ ಎಂದು ಇಬ್ಬರು ಅಂಗಿ ಹಿಡಿದುಕೊಂಡರು. ಮುಖ ದಾರಿಯ ಕಡೆಗಿತ್ತು ಎಂಬುದೊಂದನ್ನು ಮಾತ್ರ ಯಾರೂ ಹೇಳಲಿಲ್ಲ. ತಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಅದು ಹೇಳುವ ಮಾತೆಂದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ಹುಸೇನಸಾಬ, ಜಗಳ ಬಿಡಿಸಿ, ಅಡಿವೆಪ್ಪನ ಹತ್ತಿರ ಹೋಗಪ್ಪ ಎಂದ. ಅವನ ಸಕ್ಕರೆ ಆನೆ ನೋಡಿದರೆ ಗೋಡೆಯ ಆನೆಯನ್ನೇ ನೋಡಿದ ಹಾಗೆ.

ಮೌನೇಶಿ ಅಡಿವೆಪ್ಪನ ಮನೆಗೆ ಬಂದು, ಒಂದು ಸಕ್ಕರೆ ಆನೆ ಇದ್ದರೆ ಕೊಡಿ, ಅದನ್ನು ಎದುರಿಗಿಟ್ಟುಕೊಂಡು ಕೆತ್ತುತ್ತೇನೆ ಎಂದ. ಮಳೆಗಾಲದ ಹಸಿ ಗಾಳಿಯಲ್ಲಿ ಸಕ್ಕರೆ ಗಟ್ಟಿಯಾಗುವುದಿಲ್ಲ; ದಸರೆ ಮುಗಿಯುವ ತನಕ ಓಣಿಯಲ್ಲಿ ಯಾರೂ ಪಾಕದ ಒಲೆ ಹಚ್ಚುವುದಿಲ್ಲ. ಹೋದ ವರ್ಷದ ಆನೆಗಳನ್ನೆಲ್ಲ ಊರು ಯಾವತ್ತೋ ತಿಂದು ಮುಗಿಸಿತ್ತು. ಇಡೀ ಮೂಡಲಗಡದಲ್ಲಿ ಉಳಿದದ್ದು ಒಂದೇ ಸಕ್ಕರೆ ಆನೆ, ಜೋಳದ ಗಡಿಗೆಯೊಳಗಿನದು.

ಅಡಿವೆಪ್ಪ ಗಡಿಗೆಯ ಕಡೆ ನೋಡಿದ. ತೆಗೆದು ಕೊಟ್ಟರೆ, ಇದು ಹೇಗೆ ಉಳಿಯಿತು ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಊರಿನ ಹೆಣ್ಣುಮಕ್ಕಳೆಲ್ಲ ಕೈಚಾಚಿ ತೆಗೆದುಕೊಳ್ಳುವ ಆನೆಯನ್ನು ತನ್ನ ಮಗಳು ಬೇಡ ಎಂದು ತಿರುಗಿ ಕಳಿಸಿದಳು ಎಂದು ಹೇಳಬೇಕು. ಸಕ್ಕರೆ ಆನೆ ಇಲ್ಲಪ್ಪ, ಅಚ್ಚು ಇದೆ, ಒಯ್ಯಿ ಎಂದು ಅಜ್ಜನ ಹಲಗೆಯನ್ನು ಮೌನೇಶಿಯ ಕೈಗಿಟ್ಟ. ಅಡಿವೆಪ್ಪ ಹುಟ್ಟಿದಾಗಿನಿಂದ ಅಚ್ಚಿನ ನಡುವೆ ಬೆಳೆದವನು. ಅಚ್ಚಿನಲ್ಲಿ ಎಡಕ್ಕಿದ್ದದ್ದು ಗೊಂಬೆಯಲ್ಲಿ ಬಲಕ್ಕೆ ಬರುತ್ತದೆ ಎಂಬುದು ಅವನಿಗೆ ಉಸಿರಾಟದಷ್ಟು ಸಹಜ. ಹೇಳಬೇಕೆಂದು ಅವನಿಗೂ ಹೊಳೆಯಲಿಲ್ಲ.

ಮೌನೇಶಿ ಗೋಡೆಗೆ ಮರೆಯಾಗಿ ಬಿದಿರ ತಟ್ಟಿ ಕಟ್ಟಿ ಅದರ ಹಿಂದೆ ಕೆಲಸಕ್ಕೆ ಕೂತ. ಕಣ್ಣು ತೆರೆಸುವ ತನಕ ಯಾರೂ ನೋಡುವಂತಿಲ್ಲ, ಅದು ಅವರ ಕಸುಬಿನ ನೇಮ. ಎರಡು ತಿಂಗಳು ಊರಿಗೆ ಉಳಿಯ ಸದ್ದು ಮಾತ್ರ ಕೇಳಿಸುತ್ತಿತ್ತು. ಆ ಸದ್ದಿನ ತಾಳಕ್ಕೆ ತುಂಗವ್ವ ಜಿಲೇಬಿಯ ಸುತ್ತು ಸುತ್ತುತ್ತಿದ್ದಳಂತೆ.

ದೀಪಾವಳಿ ಪಾಡ್ಯದ ದಿನ ಊರೆಲ್ಲ ಬಾಗಿಲ ಮುಂದೆ ಕೂಡಿತು. ಮೌನೇಶಿ ಕೊನೆಯ ಪೆಟ್ಟು ಹಾಕಿ ಆನೆಯ ಕಣ್ಣು ತೆರೆಸಿ, ತಟ್ಟಿ ಕಳಚಿದ. ಅಂಥ ಆನೆಯನ್ನು ಹಿಂದೆ ಯಾರೂ ನೋಡಿರಲಿಲ್ಲ. ಕಿವಿ ಈಗ ಬೀಸೀತು ಎನ್ನುವ ಹಾಗಿತ್ತು. ಮಂದಿ ಬಾಯಿ ತೆರೆದು ನಿಂತಿತು. ಆಮೇಲೆ ಗುಂಪಿನೊಳಗಿಂದ ತುಂಗವ್ವನ ಮಾತು ಕೇಳಿಸಿತು.

“ಅಯ್ಯ, ಇದರ ಬಾಲ ಯಾಕ ದಾರೀ ಕಡೆ ಐತಿ?”

ಆಗ ಎಲ್ಲರಿಗೂ ಕಂಡಿತು. ಆನೆಯ ಮುಖ ಊರೊಳಗೆ, ಹಿಂಭಾಗ ದಾರಿಗೆ.

ಮೌನೇಶಿ ಅಚ್ಚು ತೋರಿಸಿದ. “ನೋಡ್ರಿ, ಇದರಾಗ ಹ್ಯಾಂಗೈತೋ ಹಂಗ ಮಾಡೀನಿ. ಒಂದು ಉಗುರು ಹೆಚ್ಚಿಲ್ಲ, ಒಂದು ಉಗುರು ಕಡಿಮಿ ಇಲ್ಲ,” ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು.

ಬಂದ ಮಗಳಿಗೆ ಬಾಲ ತೋರಿಸುವ ತವರು ಎಲ್ಲಾದರೂ ಉಂಟೇ ಎಂದು ಗದ್ದಲ ಎದ್ದಿತು. ನೆಂಟರು ನಗುತ್ತಾರೆ, ಈ ಊರಿನ ಹೆಣ್ಣು ಯಾರೂ ತರುವುದಿಲ್ಲ ಎಂದರು ಕೆಲವರು. ಆನೆಯನ್ನು ತಿರುಗಿಸುವ ಹಾಗಿರಲಿಲ್ಲ. ಬಾಗಿಲ ಭಾರವೆಲ್ಲ ಅದರ ಬೆನ್ನ ಮೇಲೆ ಕೂತಿತ್ತು. ತಿರುಗಿಸಬೇಕೆಂದರೆ ಮೊದಲಿನಿಂದ ಕೆಡವಬೇಕು. ದೇಸಾಯರು ಸಿಟ್ಟಿಗೆದ್ದು, ಗೋಡೆ ಕೆಡವಿರಿ, ಇವನ ಉಳಿಗಳನ್ನು ಕಿತ್ತುಕೊಂಡು ನದಿಗೆ ಹಾಕಿರಿ, ಇನ್ನು ಮೇಲೆ ಇವನು ಎಲ್ಲಿಯೂ ಕಲ್ಲು ಮುಟ್ಟಬಾರದು ಎಂದರು. ಮೌನೇಶಿಯ ಮುಖ ಅವನ ಕಲ್ಲಿನ ಬಣ್ಣಕ್ಕೆ ಬಂತು.

ಅಡಿವೆಪ್ಪ ಗುಂಪಿನಿಂದ ಹಿಂದೆ ಸರಿದ. ಮನೆಗೆ ಹೋದ. ಓಡಿಹೋದ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಜೋಳದ ಹೊಟ್ಟು ಹತ್ತಿದ ತೋಳಿನಲ್ಲಿ ಹತ್ತಿಯ ಸುರುಳಿ ಹಿಡಿದು ಬಂದು, ಅದನ್ನು ದೇಸಾಯರ ಮುಂದೆ ಬಿಚ್ಚಿಟ್ಟ. ಸಕ್ಕರೆಯ ಆನೆ, ಮುಖ ದಾರಿಯ ಕಡೆಗೆ.

“ತಪ್ಪು ಅವಂದಲ್ರಿ, ನಂದು. ಇದು ನನ್ನ ಮನ್ಯಾಗ ಇತ್ತು. ಇಲ್ಲ ಅಂದೆ,” ಎಂದ. ಯಾಕೆ ಇತ್ತು, ಯಾಕೆ ಇಲ್ಲ ಎಂದ, ಗಾಡಿಯವನು ತಂದ ಮಾತೇನು, ಎಲ್ಲವನ್ನೂ ಊರ ಮುಂದೆ ಹೇಳಿದ. ಬಾಣಂತಿಯೂ ಸುಳ್ಳು, ತುಂಬಿದ ಹೊಳೆಯೂ ಸುಳ್ಳು, ಎತ್ತಿನ ಕಾಲೂ ಸುಳ್ಳು ಎಂದ.

ತುಂಗವ್ವ ಮುಂದೆ ಬಂದು ದೇಸಾಯರಿಗೆ ಹೇಳಿದಳು: “ಆನಿ ನಿಮ್ಮದೂ ಅಲ್ರಿ ಎಪ್ಪಾ, ನಮ್ಮದೂ ಅಲ್ಲ. ಕೊಟ್ಟ ಮಕ್ಕಳದು. ಹುಣ್ಣಿಮಿಗೆ ಎಲ್ಲಾರೂ ಬರತಾರ. ಅವರನ್ನ ಕೇಳ್ರಿ.”

ದೇಸಾಯರು ಒಪ್ಪಿದರು. ಬಂದ ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ಇದು ನನ್ನ ತವರ ಬಾಗಿಲಲ್ಲ ಎಂದು ತಿರುಗಿ ನಿಂತರೆ ಗೋಡೆಯೂ ಬೀಳುತ್ತದೆ, ಉಳಿಯೂ ನದಿಗೆ ಹೋಗುತ್ತದೆ ಎಂದರು. ಅಡಿವೆಪ್ಪ ತಲೆ ತಗ್ಗಿಸಿ ಒಲೆಯ ಕಡೆ ಹೊರಟ. ತುಂಗವ್ವ ಅವನ ದಾರಿಗೆ ಅಡ್ಡ ನಿಂತಳು.

“ಎಲ್ಲಿಗೆ ಹೊಂಟಿ?”

“ಒಲಿ ಹಚ್ಚಾಕ. ಹುಣ್ಣಿಮಿ ಬಂತಲ್ಲ ಯವ್ವಾ.”

“ಕೊಟ್ಟ ಮಕ್ಕಳೆಲ್ಲಾ ಬಂದು ನ್ಯಾಯ ಹೇಳಬೇಕಂತ. ನಿನ್ನ ಮಗಳು ಈ ಊರ ಮಗಳಲ್ಲೇನು? ಊರಿಗೆಲ್ಲಾ ಆನಿ ಮಾಡಿಕೊಡೋ ಕೈ ಐತಿ, ಮಗಳ ಗಂಟು ಹೊರೋ ತಲಿ ಇಲ್ಲೇನೋ ನಿನಗ?”

ಒಲೆ ಯಾರು ನೋಡುತ್ತಾರೆ ಎಂದು ಅಡಿವೆಪ್ಪ ಕೇಳಿದ. ಹುಸೇನಸಾಬ ಹೆಗಲ ಮೇಲಿನ ವಸ್ತ್ರ ಕೊಡವಿ, ನಾವು ಏನು ಸೆಗಣಿ ತಟ್ಟುವವರೇ, ನಮಗೂ ಸಕ್ಕರೆ ಗೊತ್ತು ಎಂದ.

ಎಂಟೊಂಬತ್ತು ದಿನ ಅಡಿವೆಪ್ಪ ಮನಸ್ಸು ಮಾಡಲಿಲ್ಲ. ಹೋದರೆ ಅವಳು ಬಾಗಿಲು ಹಾಕಿಕೊಂಡರೆ? ಸಕ್ಕರೆಯ ಆನೆ ತಿರುಗಿ ಬಂದರೆ ಗಡಿಗೆಯಲ್ಲಿ ಹೂಳಬಹುದು. ತಾನೇ ತಿರುಗಿ ಬಂದರೆ ಎಲ್ಲಿ ಹೂಳುವುದು? ಹುಣ್ಣಿಮೆಗೆ ಐದು ದಿನ ಉಳಿದಾಗ ಅವನು ಕುದಿಯುವ ಪಾಕದ ಮುಂದಿನಿಂದ ಎದ್ದ. ಸೌಟನ್ನು ಹುಸೇನಸಾಬನ ಕೈಗೆ ಕೊಟ್ಟ. ಏನನ್ನೂ ಕಟ್ಟಿಕೊಳ್ಳಲಿಲ್ಲ. ಆನೆ ಬಾಗಿಲು ದಾಟುವಾಗ, ಆನೆ ಈಗ ದಾರಿ ನೋಡುವುದಿಲ್ಲ, ನೋಡಬೇಕಾದವನು ನಾನೇ ಎಂದುಕೊಂಡನಂತೆ.

ಅತ್ತ ಅವನು ಹೋದ, ಇತ್ತ ತಮಾಷೆ ಶುರುವಾಯಿತು. ಫೇಣಿಯ ಕೈಗೆ ಪಾಕ ನಿಲ್ಲಲಿಲ್ಲ. ಜಿಲೇಬಿಯ ಕೈಗೆ ಅಚ್ಚು ಒಗ್ಗಲಿಲ್ಲ. ಹುಸೇನಸಾಬ ಅಚ್ಚನ್ನು ಕೆನ್ನೆಗೆ ಒತ್ತಿಕೊಂಡು ಕೆನ್ನೆ ಸುಟ್ಟುಕೊಂಡ. ತುಂಗವ್ವ ಅವಸರಕ್ಕೆ ಬಿಚ್ಚಿದಳು. ಕುದುರೆಗಳೆಲ್ಲ ಒಂದು ಕಾಲನ್ನು ಅಚ್ಚಿನಲ್ಲೇ ಬಿಟ್ಟು ಹೊರಬಂದವು. ನೂರಾರು ಕುದುರೆ, ಎಲ್ಲವೂ ಮೂರು ಕಾಲಿನವು. “ಓಡಿಹೋಗಂಗಿಲ್ಲ, ಛಲೋನ ಆತು ಬಿಡ,” ಎಂದಳಂತೆ ತುಂಗವ್ವ. ಓಣಿಯ ಬೇರೆ ಮನೆಯವರು ನಗುತ್ತ ನಗುತ್ತ ಬಂದು ಕೈ ಹಚ್ಚಿದರು. ಆ ವರ್ಷ ಯಾರ ತಟ್ಟೆಯೂ ಬರಿದಾಗಲಿಲ್ಲ. ಅಡಿವೆಪ್ಪ ಇಷ್ಟು ವರ್ಷ ಹೆದರಿದ್ದು ತಟ್ಟೆ ಬರಿದಾದೀತೆಂದೇ.

ಅವನು ಎರಡು ದಿನ ನಡೆದು, ನದಿ ದಾಟಿ, ಸಣ್ಣಮರಡಿ ಮುಟ್ಟಿದ. ನೀಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ಮೊದಲು ನೋಡಿದ್ದು ಅವನ ಕೈಗಳನ್ನು. ಪೆಟ್ಟಿಗೆ ಇರಲಿಲ್ಲ.

“ಖಾಲಿ ಕೈಲೆ ಬಂದಿ?” ಎಂದಳು.

“ಗಂಟು ಹೊರಾಕ ಬಂದೀನವ್ವಾ,” ಎಂದ.

ನೀಲವ್ವ ಮೊರ ಕೆಳಗಿಟ್ಟಳು. ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವನು ಹೊಸ್ತಿಲಾಚೆ ನಿಂತೇ ಇದ್ದ. ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಯುವ ತನಕ ನಿಂತಿದ್ದ ಎನ್ನುತ್ತಾರೆ. ಆಮೇಲೆ ಒಳಗಿಂದ ರೊಟ್ಟಿ ಬಡಿಯುವ ಸದ್ದು ಬಂತು. ಆ ಸದ್ದು ಕೇಳಿ ಅವನು ಮೆಟ್ಟಿಲ ಮೇಲೆ ಕೂತ.

ಮರುದಿನ ಬೆಳಿಗ್ಗೆ ಅವಳು ಕಟ್ಟಿದ ಗಂಟನ್ನು ಇಬ್ಬರು ಹಿಡಿದು ಅವನ ತಲೆಯ ಮೇಲೆ ಎತ್ತಿಡಬೇಕಾಯಿತು. ಸೀರೆಯ ಜೊತೆ ಶೇಂಗಾ ಇತ್ತು, ಎಳ್ಳು ಇತ್ತು, ಒಳಕಲ್ಲಿನ ಗುಂಡುಕಲ್ಲೂ ಇತ್ತು ಎಂದು ಹೇಳುತ್ತಾರೆ. ಬಾರದ ವರ್ಷಗಳ ಭಾರವನ್ನೆಲ್ಲ ಅದರಲ್ಲೇ ಕಟ್ಟಿದ್ದಳಂತೆ. ಹಾದಿಯಲ್ಲಿ ಅವಳು ಎರಡು ಸಲ, ಇಳಿಸಿ ದಣಿವಾರಿಸಿಕೋ ಎಂದಳು. ಅವನು ಇಳಿಸಲಿಲ್ಲ. ದೋಣಿಯಲ್ಲಿ ಅಂಬಿಗ, ಗಂಟು ಕೆಳಗಿಡು ಮಾರಾಯ, ದೋಣಿ ಹೊರುತ್ತದೆ ಎಂದ. ಅಲ್ಲಿಯೂ ಇಳಿಸಲಿಲ್ಲ. ನದಿ ದಾಟುವಾಗ ನೀಲವ್ವ ಅವನ ಬೆನ್ನನ್ನು ನೋಡುತ್ತ ಕೂತಿದ್ದಳು. ಅಪ್ಪ ಮುದುಕನಾಗಿದ್ದಾನೆ ಎಂದು ಅವಳಿಗೆ ತಿಳಿದದ್ದು ಆಗ.

ಹುಣ್ಣಿಮೆಯ ದಿನ ಹೊತ್ತು ಇಳಿಯುವಾಗ ಅವರು ಮೂಡಲಗಡ ಮುಟ್ಟಿದರು. ಬಾಗಿಲ ಹೊರಗೆ ಊರಿನ ಹೆಣ್ಣುಮಕ್ಕಳೆಲ್ಲ ಗುಂಪಾಗಿ ನಿಂತಿದ್ದರು. ಒಳಗೆ ಒಬ್ಬಳೂ ಹೋಗಿರಲಿಲ್ಲ. ಕೆಲವರು ಬಾಲ ನೋಡಿ ನಗುತ್ತಿದ್ದರು. ಕೆಲವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕರೆತಂದ ಅಣ್ಣತಮ್ಮಂದಿರು ಗಂಟು ಕೆಳಗಿಟ್ಟು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಮೌನೇಶಿ ಒಂದು ಕಲ್ಲಿನ ಮೇಲೆ ಕೂತು, ಉಳಿಗಳನ್ನು ಅರಿವೆಯಲ್ಲಿ ಸುತ್ತಿ ಮುಂದಿಟ್ಟುಕೊಂಡಿದ್ದ. ದೇಸಾಯರ ಕಡೆಯವರು ಹಾರೆ ಹಿಡಿದು ನಿಂತಿದ್ದರು.

ಅಡಿವೆಪ್ಪನಿಗೆ ಇದಾವುದೂ ಕಾಣಲಿಲ್ಲ. ತಲೆಯ ಮೇಲೆ ಆ ಭಾರ ಇಟ್ಟುಕೊಂಡವನು ಕತ್ತು ತಿರುಗಿಸುವಂತಿಲ್ಲ, ನಿಲ್ಲುವಂತೆಯೂ ಇಲ್ಲ. ನಿಂತರೆ ಮುಂದಿನ ಹೆಜ್ಜೆ ಏಳುವುದಿಲ್ಲ. ಅವನು ಗುಂಪಿನ ನಡುವಿನಿಂದ ನೇರ ನಡೆದ. ಬಾಗಿಲ ಕೆಳಗೆ ಹೋದ. ಒಂದೊಂದೇ ಕಾಲು ಎತ್ತಿ ಇಡುತ್ತ, ತಲೆ ಸ್ವಲ್ಪ ಮುಂದೆ ಮಾಡಿಕೊಂಡು, ಗೋಡೆಯ ಆನೆಯ ಮಗ್ಗುಲಿಗೇ ಊರ ಕಡೆ ನಡೆದ.

ನೀಲವ್ವ ಅವನ ಹಿಂದೆ ಬಂದವಳು ಬಾಗಿಲ ಬಾಯಲ್ಲಿ ನಿಂತಳು. ಆನೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಇಬ್ಬರೂ ಒಂದೇ ದಿಕ್ಕಿಗೆ ಹೊರಟಿದ್ದರು. ಅವಳು ಗುಂಪಿನ ಕಡೆ ತಿರುಗಿ ಹೇಳಿದಳು:

“ಯಾಕ್ರೇ ಅಳತೀರಿ? ಮೊದಲ ಇದು ದಾರಿ ನೋಡಕೋತ ನಿಂತಿತ್ತು, ಅಷ್ಟ. ಕರಿಯಾಕ ಬರತಿದ್ದಿಲ್ಲ. ಈಗ ನೋಡ್ರಿ, ಬಂದೈತಿ. ಕರಕೊಂಡು ಮುಂದ ಹೊಂಟೈತಿ, ನಮ್ಮಪ್ಪನ ಗತೆ.”

ಅಷ್ಟು ಹೇಳಿ ಆನೆಯ ಬಾಲ ಮುಟ್ಟಿ ಒಳಗೆ ನಡೆದಳು. ಗುಂಪಿನಲ್ಲಿ ಯಾರೋ ಮೂಗು ಎಳೆದುಕೊಂಡು ನಕ್ಕರು. ಇನ್ನೊಬ್ಬಳು ಬಂದು ಬಾಲ ಮುಟ್ಟಿದಳು, ಮತ್ತೊಬ್ಬಳು ಬಂದಳು. ಅಣ್ಣತಮ್ಮಂದಿರು ಗಂಟುಗಳನ್ನು ಮತ್ತೆ ತಲೆಗೇರಿಸಿ ಮುಂದೆ ಓಡಿದರು. ದೇಸಾಯರು ಹಾರೆಯವರಿಗೆ, ಇನ್ನೇನು ನೋಡುತ್ತೀರಿ, ಮನೆಗೆ ಹೋಗಿ ಎಂದರು. ಮೌನೇಶಿ ಉಳಿಗಳ ಅರಿವೆಯನ್ನು ಎದೆಗೆ ಒತ್ತಿಕೊಂಡು ಕೂತಲ್ಲೇ ಕ್ಷಣ ಹೊತ್ತು ಕಣ್ಣು ಮುಚ್ಚಿದ.

ಇತ್ತ ಅಡಿವೆಪ್ಪ ಮನೆಯ ಕಟ್ಟೆಗೆ ಗಂಟು ಇಳಿಸಿ ನಿಂತಿದ್ದ. ಅವಳು ಏನು ಹೇಳಿದಳೆಂದು ಅವನಿಗೆ ಕೇಳಿಸಿರಲಿಲ್ಲ. ನೀಲವ್ವ ಬಂದು, ನನ್ನ ಆನೆ ಎಲ್ಲಿ ಎಂದು ಕೇಳಿದಳು. ಪಾಡ್ಯದ ದಿನ ಊರ ಮುಂದೆ ಬಿಚ್ಚಿಟ್ಟ ಆನೆಯನ್ನು ಅವನು ಮನೆಗೆ ತಂದು ದೇವರ ಗೂಡಿನಲ್ಲಿ ಇಟ್ಟಿದ್ದ, ಅದನ್ನು ತೆಗೆದುಕೊಟ್ಟ. ಅವಳು ಅದರ ಸೊಂಡಿಲು ಮುರಿದು ಬಾಯಿಗೆ ಹಾಕಿಕೊಂಡಳು. ಕಿವಿ ಮುರಿದು ಅಪ್ಪನ ಬಾಯಿಗೆ ಹಾಕಿದಳು. ಅಷ್ಟು ದಿನ ಗಡಿಗೆಯಲ್ಲಿದ್ದ ಸಕ್ಕರೆಗೆ ಜೋಳದ ವಾಸನೆ ಹತ್ತಿತ್ತಂತೆ. ತಾನು ಮಾಡಿದ ಗೊಂಬೆಯನ್ನು ಅಡಿವೆಪ್ಪ ತಿಂದದ್ದು ಅದೇ ಮೊದಲು ಎನ್ನುತ್ತಾರೆ.

ಆಮೇಲೆ ಅವನು ಎಷ್ಟು ವರ್ಷ ಬದುಕಿದ, ಹೇಗೆ ತೀರಿಕೊಂಡ ಎಂಬುದನ್ನು ಯಾರೂ ಹೇಳುವುದಿಲ್ಲ. ಬದುಕಿದಷ್ಟು ವರ್ಷವೂ ಹುಣ್ಣಿಮೆಗೆ ಐದು ದಿನ ಮುಂಚೆ ಸೌಟು ಕೆಳಗಿಟ್ಟು ಹೋಗುತ್ತಿದ್ದ ಎಂಬುದನ್ನು ಮಾತ್ರ ಹೇಳುತ್ತಾರೆ.

ಸಕ್ಕರೆ ಓಣಿಯಲ್ಲಿ ಈಗ ಮೂರು ಮನೆಗಳಲ್ಲಿ ಮಾತ್ರ ಪಾಕ ಕುದಿಯುತ್ತದೆ. ನಗಾರಿ ಕಟ್ಟೆಯ ಮೇಲೆ ನಗಾರಿ ಇಲ್ಲ. ಕೆಳಗೆ ಜಿಲೇಬಿ ಇದೆ, ತುಂಗವ್ವನ ಹೆಸರಿನಲ್ಲಿ ಯಾರೋ ಕರಿಯುತ್ತಾರೆ. ಅಕ್ಕನ ಬಾವಿಯ ಹತ್ತಿರ ಫೇಣಿಯೂ ಸಿಗುತ್ತದೆ, ಅಲ್ಲಿ ಈಗ ಸೀನಿದರೆ ಯಾರೂ ಬೈಯುವುದಿಲ್ಲ. ಆದರೆ ಹುಣ್ಣಿಮೆಗೆ ಐದು ದಿನ ಇದ್ದಾಗ, ಎಷ್ಟೇ ಗಿರಾಕಿ ಇರಲಿ, ಹೆಣ್ಣು ಕೊಟ್ಟ ಮನೆಯ ಒಲೆ ಆರುತ್ತದೆ. ಉಳಿದ ಗೊಂಬೆಗಳನ್ನು ಕೈ ಪಳಗದ ಅಕ್ಕಪಕ್ಕದವರು ಮಾಡಿಕೊಡುತ್ತಾರೆ. ಪ್ರತಿ ತಟ್ಟೆಯಲ್ಲಿ ಒಂದು ಮೂರು ಕಾಲಿನ ಕುದುರೆ ಇರಲೇಬೇಕು. ಮಕ್ಕಳು ಕಿತ್ತಾಡುವುದು ಅದಕ್ಕೇ.

ಆನೆ ಬಾಗಿಲು ನೋಡಲು ಬಂದವರಿಗೆ, ಆನೆಯ ಮೈಯೆಲ್ಲ ಒರಟಾಗಿದ್ದು ಬಾಲವೊಂದೇ ಯಾಕೆ ಎಣ್ಣೆ ಹಚ್ಚಿದಂತೆ ನುಣುಪು ಎಂದು ಅಚ್ಚರಿಯಾಗುತ್ತದೆ. ಹುಣ್ಣಿಮೆಯ ಮಧ್ಯಾಹ್ನ ಬಂದು ನೋಡಿದರೆ ತಿಳಿಯುತ್ತದೆ. ಈಗ ಯಾರೂ ಎರಡು ದಿನ ನಡೆಯುವುದಿಲ್ಲ. ಬಸ್ಸು ಕೋಟೆಯ ಹೊರಗೆ ನಿಲ್ಲುತ್ತದೆ, ಹೆಣ್ಣುಮಕ್ಕಳು ಚಕ್ರದ ಪೆಟ್ಟಿಗೆ ಎಳೆದುಕೊಂಡು ಇಳಿಯುತ್ತಾರೆ. ಬಾಗಿಲ ತನಕ ಚಕ್ರ ಉರುಳುವ ಸದ್ದು ಬರುತ್ತದೆ. ಅಲ್ಲಿ ಅದು ನಿಲ್ಲುತ್ತದೆ. ಹೋಗಿ ಕರೆತಂದ ಅಪ್ಪನೋ ಅಣ್ಣನೋ ಆ ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡು, ಆನೆಯ ಮಗ್ಗುಲಿನ ಇಪ್ಪತ್ತು ಹೆಜ್ಜೆ, ಹಿಂದೆ ನೋಡದೆ ಮುಂದೆ ನಡೆಯುತ್ತಾನೆ.